ಒಂದೇ ಅಳತೆಯ ಕೈಗಳು

"ಜಗ್ಗಬ್ಯಾಡಲೇ ಕೌಶಿಕ! ಬಾಜೂಕ ಸಣ್ಣ ಗುಂಡಿ ಅವ ನೋಡು, ಎರಡೂ ಕಡೆ ಒಮ್ಮೆಗೇ ಒತ್ತು," ಎಂದು ಶಿರೀಷ ಬಗ್ಗಿ ನಿಂತು ಅಣ್ಣನ ಮಗನಿಗೆ ಹೇಳುತ್ತಿದ್ದ.

ಕೌಶಿಕ ಸತ್ತ ತಂದೆಯ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಡಿಯಾರ ಬಿಚ್ಚಲು ಹೆಣಗುತ್ತಿದ್ದ. ದವಾಖಾನೆಯಲ್ಲಿ ಸಲೈನ್ ಏರಿಸಿ ಏರಿಸಿ ಕೈ ಬಾತುಕೊಂಡು, ಸ್ಟೀಲಿನ ಪಟ್ಟಿ ಚರ್ಮದೊಳಗೆ ಕೂತುಬಿಟ್ಟಿತ್ತು. ನರ್ಸುಗಳು ಎಷ್ಟು ಹೇಳಿದರೂ ಪಂಢರೀನಾಥ ಅದನ್ನು ಬಿಚ್ಚಗೊಟ್ಟಿರಲಿಲ್ಲ. ಈಗ ಅಂಗಳದಲ್ಲಿ ಸ್ನಾನದ ನೀರು ಕಾದಿತ್ತು. ಮೈಮೇಲೆ ಏನೂ ಉಳಿಯಕೂಡದೆಂದು ಆಚಾರ್ಯರು ಹೊರಗಿನಿಂದಲೇ ಎರಡು ಸಲ ಕೂಗಿ ಹೇಳಿದ್ದರು.

"ಪಂಢರೀನಾಥರು ಆರಿಸಿದ ಗಡಿಯಾರ ಅಷ್ಟು ಸರಳ ಬಿಚ್ಚಾಕ ಬರತೈತೇನ್ರಿ?" ಎಂದರು ರಾಚಪ್ಪ. ಶಿರೂರಿನ ಹೈಸ್ಕೂಲಿನ ಆಫೀಸಿನಲ್ಲಿ ಸತ್ತವನ ಪಕ್ಕದ ಕುರ್ಚಿಯಲ್ಲಿ ಕೂತು ನೌಕರಿ ಮುಗಿಸಿದವರು; ಈಗ ನವನಗರದಲ್ಲಿ ಪಕ್ಕದ ಮನೆಯವರು. "ನಂದ ನೋಡ್ರಿ. ನನ್ನ ಲಗ್ನಕ್ಕ ಕೊಡಸಿದ್ದು. ಮೊಮ್ಮಗ ಹುಟ್ಟಿದ, ಇದು ಒಂದ ದಿನ ಹಿಂದ ಬಿದ್ದಿಲ್ಲ."

ಅಳುವಿನ ನಡುವೆಯೇ ಒಂದು ಸಣ್ಣ ನಗೆ ಹಾದುಹೋಯಿತು. ಶಿರೀಷ ತನ್ನ ಮುಂಗೈ ಚಾಚಿದ. ಬಾಗಿಲ ಹತ್ತಿರ ನಿಂತಿದ್ದ ಸೋದರಳಿಯನೂ ತೋಳು ಸರಿಸಿದ. ಬಳಗದಲ್ಲಿ ಯಾರ ಮದುವೆಯಾದರೂ ಅಳಿಯನ ಗಡಿಯಾರ ಆರಿಸುವುದು ಪಂಢರೀನಾಥನ ಕೆಲಸ. ಹೆಣ್ಣಿನ ಕಡೆಯವರು ಕೈಯಲ್ಲಿದ್ದಷ್ಟನ್ನು ಸಂಕೋಚದಿಂದ ಹೇಳಿದರೆ ಅವನು ಮುಖ ಸಿಂಡರಿಸುತ್ತಿರಲಿಲ್ಲ. ಗಡಿಯಾರವನ್ನು ಕಿವಿಗೆ ಹಿಡಿಯುವನು, ಹಿಂದಿನ ಮುಚ್ಚಳ ಸ್ಟೀಲೋ ಹಿತ್ತಾಳೆಯೋ ನೋಡುವನು, ಸೆಕೆಂಡಿನ ಮುಳ್ಳು ಗೆರೆಯ ಮೇಲೆ ಸರಿಯಾಗಿ ಕೂಡುತ್ತದೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ಕಾಯುವನು. "ಹೊಳಪಿಗೆ ರೊಕ್ಕ ಕೊಡಬ್ಯಾಡ್ರಿ, ಒಳಗಿನ ಮಷೀನಿಗೆ ಕೊಡ್ರಿ. ಬೆವರು ಹತ್ತಿದರ ಹೊಳಪು ಎರಡು ವರ್ಷಕ್ಕ ಹೋಗ್ತದ," ಎನ್ನುವನು. ಬಡವರ ಮದುವೆಯಲ್ಲಿಯೂ ಅಳಿಯನ ಕೈ ನೋಡಿ ಬೀಗರು ತುಟಿ ಪಿಟ್ಟೆನ್ನದಂತೆ ಮಾಡುತ್ತಿದ್ದ. ಅದು ಸುಳ್ಳಲ್ಲ.

ಗೋಡೆಗೊರಗಿ ಕೂತ ಪ್ರೇಮಾಬಾಯಿ, ಸತ್ತವನ ಹೆಂಡತಿ, ಆ ಚಾಚಿದ ಕೈಗಳನ್ನೆಲ್ಲ ನೋಡಿದಳು. ತನ್ನ ಹಸಿರು ಬಳೆಗಳ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಟಕ್ಕೆಂದು ಪಟ್ಟಿ ಬಿಚ್ಚಿತು. ಗಡಿಯಾರವಿದ್ದ ಜಾಗ ಬೆಳ್ಳಗೆ, ಮಗುವಿನ ಮೈಯಂತೆ ಕಂಡಿತು. ಅದನ್ನು ನೋಡಿದ್ದೇ ಇಂದ್ರಾಬಾಯಿ, ಸತ್ತವನ ತಂಗಿ, "ಅಣ್ಣಾ!" ಎಂದು ಗೋಳಿಟ್ಟಳು. ಬಾದಾಮಿಯಿಂದ ಮೊದಲ ಬಸ್ಸಿಗೆ ಬಂದವಳು. ಇನ್ನೂ ನೀರು ಸಹ ಕುಡಿದಿರಲಿಲ್ಲ. ಮೂಗು ಒರೆಸಿಕೊಂಡು ಗಡಿಯಾರವನ್ನು ಕೌಶಿಕನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಇದು ಯಾರಿಗೂ ಕೊಡೂದಲ್ಲ. ವೈನಿ ಕೈಗೆ ಕಟ್ಟೂಣು," ಎಂದು ಅತ್ತಿಗೆಯ ಕಡೆ ತಿರುಗಿದಳು. "ಹತ್ತನೇ ದಿನಕ್ಕ ಬಳಿ ಹೋಗ್ತಾವ. ಆಮ್ಯಾಲೆ ಆ ಬೋಳು ಕೈ ನೋಡಲಿಕ್ಕೆ ಆಗೂದಿಲ್ಲ ನನಗ. ನಮ್ಮ ಸೋದರತ್ತಿ ಸಾಲಿ ಬಾಯಾರಾಗಿದ್ರಲ್ಲ, ಮಾಮಾ ಹೋದ ಮ್ಯಾಲೆ ಕಡೀತನಾ ಗಡಿಯಾರನ ಕಟ್ಟಿದ್ರು. ಕೈ ತುಂಬಿದಂಗ ಕಾಣಸ್ತಿತ್ತು."

"ನನಗ ಬ್ಯಾಡ," ಎಂದಳು ಪ್ರೇಮಾಬಾಯಿ.

"ಈಗ ಹಂಗ ಅನಸ್ತದ್ರಿ ವೈನಿ."

"ಅವ್ವಾ, ಅಪ್ಪನ ಗಡಿಯಾರ ಬ್ಯಾಡ ಅನ್ನಬಾರದು," ಎಂದ ಕೌಶಿಕ. ಅಳುವುದನ್ನು ತಡೆಹಿಡಿದ ದನಿ. ಇಳಕಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ, ತಂದೆಯನ್ನು ಕಂಡರೆ ಜೀವ ಬಿಡುತ್ತಿದ್ದವನು. "ಮಂದಿ ಏನಂದಾರು?"

"ಸಡ್ಲ ಆಗ್ತದಲ್ಲ," ಎಂದ ಶಿರೀಷ.

"ಕೊಂಡಿ ತಗಸಿದ್ರ ಆತು. ಅಳತಿಗೆ ವೈನೀನ ಅಂಗಡಿಗೆ ಹೋಗಬೇಕಂತ ಇಲ್ಲ," ಎಂದು ಇಂದ್ರಾಬಾಯಿ ತನ್ನ ಕೈ ಮುಂದೆ ಮಾಡಿದಳು. "ನಂದು ಅವರದು ಮೊದಲಿಂದನೂ ಒಂದ ಅಳತಿ."

*

ಈಗ ಹಿನ್ನೀರಿನಡಿ ಹೋದ ಹಳೆಯ ಬಾಗಲಕೋಟೆಯ ಪೇಟೆಯಲ್ಲಿ ಆ ಗಡಿಯಾರದ ಅಂಗಡಿಯಿತ್ತು. ಪ್ರೇಮಾಬಾಯಿ ಆಗಷ್ಟೇ ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸಲು ಹೋಗತೊಡಗಿದ್ದಳು. ಮನೆಯಲ್ಲಿದ್ದ ಒಂದೇ ಗೋಡೆ ಗಡಿಯಾರ ಅತ್ತೆಯ ಕೋಣೆಯಲ್ಲಿ. ಬೆಳಗಿನ ಹೊತ್ತು ಒಲೆಯ ಮುಂದಿನಿಂದ ಎದ್ದು ಎದ್ದು ಹೋಗಿ ಇಣುಕುವುದು, "ಓಡಿಹೋಗಲಿಕ್ಕೆ ಯಾಕಿಷ್ಟು ಅವಸರ?" ಎಂದು ಅತ್ತೆ ಅನ್ನುವುದು ದಿನದ ಮಾತಾಗಿತ್ತು.

ಒಂದು ಸಂಜೆ ಪಂಢರೀನಾಥ ಬಂದವನೇ, "ನಡಿ, ಪ್ಯಾಟಿಗೆ ಹೋಗಿ ಬರೂಣು. ಗಡಿಯಾರ ನೋಡೂದದ, ಹೆಣ್ಣಮಕ್ಕಳದು," ಎಂದ.

ಅವಳು ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟಳು. ಗಂಡ ಹೆಂಡತಿ ಇಬ್ಬರೇ ಪೇಟೆಗೆ ಹೊರಟದ್ದು ಅದೇ ಮೊದಲು.

ಅಂಗಡಿಯವನು ಗಾಜಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ ಒಂದೊಂದೇ ಇಟ್ಟ. "ಯಾವುದು ಛಂದ ಅನಸ್ತದ, ನೀನ ಹೇಳು," ಎಂದ ಪಂಢರೀನಾಥ. ಆ ಮನೆಗೆ ಬಂದ ಮೇಲೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಪಲ್ಯ ಯಾವುದು ಮಾಡಲಿ ಎಂದು ಅವಳೇ ಕೇಳಬೇಕಿತ್ತು. ಅವಳು ಅವಸರ ಮಾಡಲಿಲ್ಲ. ಬಂಗಾರದ ಬಣ್ಣದವನ್ನು ಬದಿಗೆ ಸರಿಸಿದಳು. ಗಂಡನ ಮಾತು ಕೇಳಿ ಕೇಳಿ ಅಷ್ಟು ಗೊತ್ತಿತ್ತು. ಅಂಕಿಗಳ ಬದಲು ಬರೀ ಗೆರೆ ಇದ್ದವನ್ನೂ ಬಿಟ್ಟಳು. ಮಕ್ಕಳ ಗದ್ದಲದ ನಡುವೆ ಒಮ್ಮೆ ನೋಡಿದರೆ ತಿಳಿಯಬೇಕಲ್ಲ. ಕಡೆಗೆ ಬಿಳಿಯ ಮುಖದ, ಕರಿಯ ದೊಡ್ಡ ಅಂಕಿಗಳ, ಸ್ಟೀಲಿನ ಪಟ್ಟಿಯ ಒಂದು ಸಾದಾ ಗಡಿಯಾರವನ್ನು ಎತ್ತಿಕೊಂಡಳು. ಪಂಢರೀನಾಥ ಅದನ್ನು ಕಿವಿಗೆ ಹಿಡಿದ, ತಿರುವಿ ನೋಡಿದ.

"ಭೇಷ್! ಇದ್ದುದರೊಳಗ ಒಳ್ಳೇದ್ನ ಆರಿಸಿದಿ," ಎಂದ.

ಅಂಗಡಿಯವನು ಅವಳ ಕೈಗೆ ಹಿಡಿದು ನೋಡಿ ಕೊಂಡಿ ತೆಗೆದ. ಪಂಢರೀನಾಥ ಪಟ್ಟಿಯೊಳಗೆ ತನ್ನ ಬೆರಳು ತೂರಿಸಿ ನೋಡಿ, "ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಈಗ ಬರೋಬ್ಬರಿ ಆತು," ಎಂದ. ಎಲ್ಲರ ಎದುರು ಅವನು ಹಾಗೆ ಕೈ ಹಿಡಿದದ್ದಕ್ಕೆ ಅವಳ ಕಿವಿ ಬಿಸಿಯಾದವು.

ಮರಳುವಾಗ ಅವಳು ಎಡಗೈಯನ್ನು ಸೆರಗಿನ ಹೊರಗೇ ಬಿಟ್ಟುಕೊಂಡು ನಡೆದಳು. ಕಾಯಿಪಲ್ಯದ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಬಾಯಾರ, ಎಷ್ಟಾತ್ರಿ?" ಎಂದು ಕೇಳಿದಳು. ಪ್ರೇಮಾಬಾಯಿ ನಿಂತು, ಕೈ ಎತ್ತಿ, ನೋಡಿ, ಹೇಳಿದಳು.

ಮನೆಯ ಹೊಸಿಲು ದಾಟುವ ಮುನ್ನ ಪಂಢರೀನಾಥ ತಗ್ಗಿದ ದನಿಯಲ್ಲಿ, "ಬಿಚ್ಚಿ ಕೊಡು ಇನ್ನ. ಇಂದ್ರಾನ ಮದವಿ ಸಾಮಾನಿನಾಗ ಅರಿಷಿಣ ಕುಂಕುಮ ಹಚ್ಚಿ ಇಡಬೇಕು. ಆಕೀಗೆ ಗೊತ್ತಾಗಬಾರದಂತ ನಿನ್ನ ಕರಕೊಂಡು ಹೋದೆ. ನಿಮ್ಮಿಬ್ಬರ ಕೈ ಒಂದ ಅಳತಿ ಅಲ್ಲ?" ಎಂದ.

ಅವನ ಮುಖದಲ್ಲಿ ಕಪಟವಿರಲಿಲ್ಲ. ತಂಗಿಗೆ ಒಳ್ಳೆಯದು ಸಿಕ್ಕಿತೆಂಬ ಖುಷಿ ಮಾತ್ರ ಇತ್ತು. ಅವಳು ಬಿಚ್ಚಿ ಕೊಟ್ಟಳು. ರಾತ್ರಿ ಹಾಲು ಕೊಡುವಾಗ, "ಸಾಲಿಗೆ ಹೋಗಲಿಕ್ಕೆ ನನಗೂ ಒಂದು..." ಎಂದು ಬಾಯಿಬಿಟ್ಟಳು.

"ನಿನಗ್ಯಾಕ? ನಾ ಇದ್ದೇನಲ್ಲ. ಕೇಳು, ಹೇಳ್ತೇನಿ," ಎಂದು ನಕ್ಕ.

ಮುಂದೆ ಅವಳು ಕೇಳುತ್ತಲೇ ಬಂದಳು. ಕುಕ್ಕರಿನ ಮುಂದಿನಿಂದ, ಬಟ್ಟೆ ಒಗೆಯುವ ಕಲ್ಲಿನಿಂದ. "ಎಷ್ಟಾತ್ರಿ?" ಎಂದರೆ ಅವನು ಮೊದಲು, "ಯಾಕ, ಎಲ್ಲಿ ಹೋಗೂದದ ನಿನಗ?" ಎನ್ನುವನು, ಆಮೇಲೆ ಹೇಳುವನು. ಶಿಶುವಿಹಾರ ಮುಚ್ಚಿದ ಮೇಲೆ ಆ ಮಾತಿಗೆ ಅವಳ ಬಳಿ ಉತ್ತರವೂ ಉಳಿಯಲಿಲ್ಲ. ತಾನೇ ಹೋಗಿ ಒಂದು ಕೊಳ್ಳಬಹುದಿತ್ತು. ಆದರೆ ಬೇಡಿ ಪಡೆದದ್ದೂ ಬೇಡವಾಗಿತ್ತು, ಹಟಕ್ಕೆ ಕೊಂಡದ್ದೂ ಬೇಡವಾಗಿತ್ತು. ಮತ್ತೊಮ್ಮೆ ಅವನು "ನಡಿ, ಪ್ಯಾಟಿಗೆ ಹೋಗೂಣು" ಎನ್ನಬೇಕಿತ್ತು. ಅವನು ಊರಿನವರನ್ನೆಲ್ಲ ಕರೆದುಕೊಂಡು ಹೋದ.

*

ಅಂಗಳದಲ್ಲಿ ಬಿದಿರಿಗೆ ಹಗ್ಗ ಬಿಗಿಯುವ ಸದ್ದು ಕೇಳುತ್ತಿತ್ತು. ಒಳಗೆ ಇಂದ್ರಾಬಾಯಿ ಅತ್ತಿಗೆಯ ಮಗ್ಗುಲಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದಳು.

"ಇಂದ್ರಾ," ಎಂದಳು ಪ್ರೇಮಾಬಾಯಿ. "ನಿನ್ನ ಮದವ್ಯಾಗ ನಿಮ್ಮಣ್ಣ ಒಂದು ಗಡಿಯಾರ ಕೊಟ್ಟಿದ್ರಲ್ಲ, ಅದು ಎಲ್ಲೆದ?"

ಇಷ್ಟು ವರ್ಷಗಳಲ್ಲಿ ಅವಳು ಆ ಮಾತು ಎತ್ತಿದ್ದು ಇದೇ ಮೊದಲು. ಇಂದ್ರಾಬಾಯಿ ನೆನಪಿಸಿಕೊಳ್ಳಲು ಹಣೆ ತಿಕ್ಕಿದಳು.

"ಯಾವುದ್ರಿ? ಹಾಂ, ಅದಾ! ಅದು ಯಾವಾಗೋ ಹೋತಲ್ರಿ. ಭಾಂಡಿ ತಿಕ್ಕಾಕಿ ಮಗಳು ಸಾಲಿಗೆ ಹೊಂಟಿದ್ಳು, ಆಕೀಗೆ ಕೊಟ್ಟೆ." ದನಿ ತಗ್ಗಿಸಿದಳು. "ಈಗ ಹೇಳಬಾರದು ವೈನಿ, ಅಣ್ಣ ಇನ್ನೂ ಮನ್ಯಾಗ ಇದ್ದಾನ. ಆದ್ರ ಖರೆ ಅಂದ್ರ ಅದು ನನಗ ಸೇರಿದ್ದ ಇಲ್ಲ. ಆ ದೊಡ್ಡ ದೊಡ್ಡ ಅಂಕಿ! ಗಂಡನ ಮನ್ಯಾಗ ನಮ್ಮ ನೆಗೆಣ್ಣಿ, 'ಟೇಶನ್ನಿನ ಗಡಿಯಾರ ಕಟ್ಕೊಂಡು ಬಂದಾಳ' ಅಂತ ಕಾಡಸ್ತಿದ್ಳು. ಅಣ್ಣ ಆರಿಸಿದ್ದಂತ ಸುಮ್ಮನ ಎರಡು ವರ್ಷ ಕಟ್ಟಿದೆ."

"ಅದನ್ನ ಅವರು ಆರಿಸಿರಲಿಲ್ಲ. ನಾ ಆರಿಸಿದ್ದು."

ಇಂದ್ರಾಬಾಯಿ ಅವಳ ಮುಖ ನೋಡಿದಳು. ಅತ್ತು ಕೆಂಪಾದ ಕಣ್ಣುಗಳಲ್ಲಿ ಒಮ್ಮೆಲೇ ನಿರಾಳವಾದ ಬೆಳಕು ಮೂಡಿತು.

"ಅದಕ್ಕ ಮತ್ತ!" ಎಂದಳು. "ನಾನೂ ಅಂತಿದ್ದೆ, ನಮ್ಮಣ್ಣ ಒಂದ ಸಲ ಹಿಂಗ್ಯಾಕ ತಪ್ಪಿದ ಅಂತ."

ಪ್ರೇಮಾಬಾಯಿ ಅವಳ ಕೈಯನ್ನು ಬೆನ್ನಿನಿಂದ ಮೆಲ್ಲಗೆ ಸರಿಸಿದಳು. ಹೊರಗಿನಿಂದ ಕರೆ ಬಂತು. ಎದ್ದು ಹೋಗಿ, ಹೇಳಿದಂತೆ ಪ್ರದಕ್ಷಿಣೆ ಹಾಕಿದಳು, ಹೇಳಿದಂತೆ ಬಾಯಿಗೆ ಅಕ್ಕಿಕಾಳು ಇಟ್ಟಳು. ಹೆಗಲು ಕೊಟ್ಟವರು ಓಣಿಯ ತಿರುವು ದಾಟುವವರೆಗೂ ಅವಳು ಅಳಲಿಲ್ಲ. ಆಮೇಲೆ ಅತ್ತಳು.

*

ಗಂಡಸರು ರುದ್ರಭೂಮಿಯಿಂದ ಮರಳಿ ಸ್ನಾನ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ವೇಳೆಯಾಗಿತ್ತು. ಹೆಣ ಮಲಗಿಸಿದ್ದ ಜಾಗ ತೊಳೆದು ಸೊಸೆ ಶುಭದಾ ಹಣತೆ ಇಟ್ಟಳು. ತಾಟಿನಲ್ಲಿ ಅಕ್ಕಿಹಿಟ್ಟು ನುಣ್ಣಗೆ ಹರಡಿ, ದೀಪದ ಮಗ್ಗುಲಲ್ಲಿಟ್ಟು, ಬುಟ್ಟಿ ಬೋರಲು ಹಾಕಿದಳು.

ಒದ್ದೆ ತಲೆಯಲ್ಲೇ ಕೌಶಿಕ ಬಂದು ತಾಯಿಯ ಮುಂದೆ ಮೊಣಕಾಲೂರಿದ. "ಅವ್ವಾ, ಕೈ ತಾ."

"ಬ್ಯಾಡ ಅಂದೆನಲ್ಲೋ."

"ಕಡೀಗೆ ದವಾಖಾನ್ಯಾಗ ಅಪ್ಪ ಅದನ್ನ ಮುಟ್ಟಿ ಮುಟ್ಟಿ ನೋಡತಿದ್ದ. ನಿನ್ನ ಕೈಯಾಗಿದ್ರ ಅವನ ಇದ್ದಂಗ ಅನಸ್ತದ ನನಗ." ಅವಳ ಕೈ ಹಿಡಿದು ಬಳೆಗಳ ಮೇಲೆಯೇ ಗಡಿಯಾರ ಕೂಡಿಸಿ ಗುಂಡಿ ಒತ್ತಿದ. ಅದು ಮೊಣಕೈತನಕ ಜಾರಿತು, ಕೈ ಇಳಿಬಿಟ್ಟರೆ ಬೆರಳ ಗಿಣ್ಣಿಗೆ ಬಂದು ನಿಂತಿತು.

"ನಾಳೆ ಮುಂಜಾನೆ ಪ್ಯಾಟಿಗೆ ಹೋಗಿ ಕೊಂಡಿ ತಗಸ್ಕೊಂಡು ಬಾ. ಆಮ್ಯಾಲೆ ಜಾರೂದಿಲ್ಲ, ಬಿಚ್ಚೂ ಮಾತೂ ಇಲ್ಲ," ಎಂದಳು ಇಂದ್ರಾಬಾಯಿ.

ನಾಳೆ. ಪ್ರೇಮಾಬಾಯಿಗೆ ಸಂಕಟವಾಯಿತು. ಬೋಳು ಕೈಗೆ ಅವಳು ಹೆದರಿರಲಿಲ್ಲ. ಗಂಡ ಖಾಲಿ ಉಳಿಸಿದ ಕೈ ಖಾಲಿಯೇ ಇರಲಿ ಎಂದಷ್ಟೇ ಅವಳ ಆಸೆ. ಅವನು ಬಿಟ್ಟುಹೋದದ್ದನ್ನು ಕಟ್ಟಿಕೊಂಡು ಸಾಯುವತನಕ ತಿರುಗುವುದು, ಕಂಡವರೆಲ್ಲ ಅದನ್ನು ಎತ್ತಿ ನೋಡಿ ಪಂಢರೀನಾಥರ ಆಯ್ಕೆಯೇ ಆಯ್ಕೆ ಎನ್ನುವುದು, ಅದಕ್ಕೆ ತಾನು ತಲೆಯಾಡಿಸುವುದು...

"ಬುಟ್ಟಿ ಮುಂಜಾನೇತನಾ ಯಾರೂ ಮುಟ್ಟಬ್ಯಾಡ್ರಿ," ಎಂದು ಇಂದ್ರಾಬಾಯಿ ಎಲ್ಲರಿಗೂ ತಾಕೀತು ಮಾಡುತ್ತಿದ್ದಳು. "ಹೋದವರು ಬಂದು ತಮಗೇನು ಬೇಕಂತ ಹಿಟ್ಟಿನ್ಯಾಗ ಗುರ್ತು ಮಾಡಿ ಹೋಗ್ತಾರ. ನಮ್ಮವ್ವ ಹೋದಾಗ ತುಳಸಿಮಣಿ ಸಾಲಿಟ್ಟಂಗ ಬಂದಿತ್ತು. ಹೌದಲ್ರಿ ವೈನಿ? ಆವತ್ತ ಆಕೀ ಜಪಮಾಲಿ ಆಚಾರ್ರಿಗೆ ದಾನ ಕೊಟ್ವಿ. ಅವರು ಕೇಳಿದ್ದನ್ನ ಮನ್ಯಾಗ ಇಟ್ಕೊಂಡ್ರ ಛಲೋ ಅಲ್ಲ."

"ಹೌದು," ಎಂದಳು ಪ್ರೇಮಾಬಾಯಿ. ಅದು ಇಲಿ ಓಡಾಡಿದ ಗುರುತೆಂದು ಅವಳಿಗೆ ಆಗಲೇ ಅನಿಸಿತ್ತು. ಹೇಳಿರಲಿಲ್ಲ.

ಒಲೆ ಹಚ್ಚದ ಮನೆ. ರಾಚಪ್ಪನ ಮನೆಯಿಂದ ಊಟಕ್ಕೆ ಕರೆ ಬಂತು. ಆಚಾರ್ಯರಿಗೆ ಪ್ರತ್ಯೇಕವಾಗಿ ಹಣ್ಣು ಹಾಲು ಆಯಿತು, ಉಳಿದವರು ಎದ್ದರು. "ನನಗ ಒಲ್ಲೆ, ನೀವು ಹೋಗಿ ಬರ್ರಿ," ಎಂದಳು ಪ್ರೇಮಾಬಾಯಿ. ಒತ್ತಾಯ ಮಾಡಿದರು, ಬಿಟ್ಟರು. ಕಡೆಯದಾಗಿ ಶುಭದಾ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಪ್ರೇಮಾಬಾಯಿ ಸರಿದು ಹೋಗಿ ಬುಟ್ಟಿ ಎತ್ತಿದಳು. ಹಿಟ್ಟು ಒಂದು ಗೆರೆಯೂ ಇಲ್ಲದೆ ಬೆಳ್ಳಗಿತ್ತು. ಎಡಗೈಯನ್ನು ತಾಟಿನ ಮೇಲೆ ಇಳಿಬಿಟ್ಟು ಬೆರಳುಗಳನ್ನು ಸಡಿಲು ಮಾಡಿದಳು. ಗಡಿಯಾರ ಗಿಣ್ಣಿನ ಬಳಿ ಅರೆಗಳಿಗೆ ತಡೆದು, ಬಲಗೈ ನೆರವಿನಿಂದ ಬಳೆಯಂತೆ ಕಳಚಿಕೊಂಡಿತು. ಅದರ ಪಟ್ಟಿ ಬಿಚ್ಚಿ ಉದ್ದಕ್ಕೆ ಮಾಡಿ, ಮುಖ ಕೆಳಗಾಗಿ ಹಿಟ್ಟಿನ ಮೇಲೆ ಮಲಗಿಸಿದಳು. ಅಂಗೈಯಿಂದ ಒತ್ತಿದಳು, ರೊಟ್ಟಿಗೆ ಒತ್ತುವಷ್ಟೇ ಹದವಾಗಿ. ಎರಡು ಬೆರಳಿಂದ ನೇರ ಮೇಲಕ್ಕೆತ್ತಿದಳು. ದುಂಡನೆಯ ಮುಖ, ಅದರಾಚೆ ಈಚೆ ಕೊಂಡಿಗಳ ಸಾಲು, ಯಾರು ನೋಡಿದರೂ ತಿಳಿಯುವಂತೆ ಮೂಡಿದ್ದವು. ಬುಟ್ಟಿಯನ್ನು ಮೊದಲಿದ್ದಂತೆಯೇ ಮುಚ್ಚಿದಳು.

ಓಣಿಯಲ್ಲಿ ಮಾತು ಕೇಳಿಸಿತು. "ವೈನೀ, ಒಬ್ಬರ ಕೂತೀರಿ, ಅಂಜಿಕಿ ಬರೂದಿಲ್ಲಲ್ರಿ?" ಎನ್ನುತ್ತ ಇಂದ್ರಾಬಾಯಿ ಮೆಟ್ಟಿಲು ಹತ್ತುತ್ತಿದ್ದಳು.

"ಇಲ್ಲ ಬಾ," ಎಂದಳು ಪ್ರೇಮಾಬಾಯಿ. ಗಡಿಯಾರವನ್ನು ಮತ್ತೆ ಕೈಗೇರಿಸಿಕೊಂಡು, ದೀಪಕ್ಕೆ ಬೆನ್ನು ಮಾಡಿ, ಕೊಂಡಿಗಳ ಸಂದಿನಲ್ಲಿ ಉಳಿದ ಹಿಟ್ಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದಳು.