ತೆಲುಗು ಬಾರದವಳು

ಬೆರಳುದ್ದ ಬೆಳೆದಿದ್ದ ಕೂದಲಿಗೆ ಚೌರಿ ನಿಲ್ಲುತ್ತಿರಲಿಲ್ಲ. ಅನಸೂಯಮ್ಮ ಮತ್ತೊಮ್ಮೆ ಕಪ್ಪು ದಾರ ಸುತ್ತಿ ಮಗಳ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಚೌರಿ ಮತ್ತೆ ಜಾರಿತು.

"ಬಿಡ್ರಿ, ಹೂವಿನ್ಯಾಗ ಮುಚ್ಚೂಣು," ಎಂದರು ಅದೇ ಬೀದಿಯ ಕನ್ನಡದವರು, ಬ್ಯಾಂಕಿನವರ ಹೆಂಡತಿ ಕಮಲಾಕ್ಷಿ. "ಮುತ್ತೈದಿ ಸಾವು. ಪುಣ್ಯಾ ಮಾಡ್ಯಾಳ."

"ಇಪ್ಪತ್ತೇಳಕ್ಕ ಏನ ಪುಣ್ಯಾರೀ," ಎಂದರು ಅನಸೂಯಮ್ಮ.

ಬಾಗಿಲಲ್ಲಿ ನಿಂತಿದ್ದ ಅಳಿಯ ರಾಮಚಂದ್ರ ಒಳಗೆ ಬಂದ. "ಕೊನೀತನಕ ಆಕಿಗೆ ಏನೂ ಗೊತ್ತಾಗಲಿಲ್ರಿ, ಅತ್ತಿ. ನೀರುಗುಳ್ಳಿ ಅಂತನ ತಿಳಕೊಂಡಿದ್ಲು. ಅಷ್ಟರ ಸಮಾಧಾನ ಅದ."

"ನಮಗೂ ಗೊತ್ತಾಗದಂಗ ನೋಡಿಕೊಂಡ್ರಿ."

ಸುಮಿತ್ರಳ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದ ಪಕ್ಕದ ಮನೆಯ ಗಂಗಾಭವಾನಿ ಕೈ ನಿಲ್ಲಿಸಿದಳು. ಅವಳ ತಾಯಿ ಬಳ್ಳಾರಿಯವರು. ಕನ್ನಡವನ್ನು ತೆಲುಗಿನ ರಾಗದಲ್ಲೇ ಆಡುತ್ತಿದ್ದಳು.

"ಅವಳಿಗೆ ಎಲ್ಲಾ ತಿಳಿದಿತ್ತಂಡಿ."

"ಯಾರು ಹೇಳಿದ್ರು?" ಎಂದ ರಾಮಚಂದ್ರ.

"ನೀವೇ ಹೇಳಿಸಿದ್ರಲ್ವಾ."

*

ವಿಜಯವಾಡದಲ್ಲಿ ಆಪರೇಷನ್ ಆದಾಗ ಸುಮಿತ್ರಳಿಗೆ ತೆಲುಗು ನಿಜವಾಗಿಯೂ ಬರುತ್ತಿರಲಿಲ್ಲ. ಅಂಡಾಶಯದಲ್ಲೊಂದು ನೀರುಗುಳ್ಳೆ, ತೆಗೆದಿದ್ದಾರೆ ಎಂದು ರಾಮಚಂದ್ರ ಹೇಳಿದ್ದ. ಗುಳ್ಳೆ ಮತ್ತೆ ಬರದಿರಲೆಂದು ಇಂಜೆಕ್ಷನ್. ಕೂದಲು ಉದುರಿದ್ದು ಔಷಧದ ಕಾವಿಗೆ.

ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಊರಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿದ ಮೇಲೆ ಗಂಗಾಭವಾನಿಯ ಹಿತ್ತಿಲಲ್ಲಿ ಅವಳು ತೆಲುಗು ಕಲಿತಳು.

"ನಿನ್ನ ತೆಲುಗು ಕೇಳಿದ್ರೆ ಬದನೆಕಾಯಿಯೋನು ಬುಟ್ಟಿ ಬಿಟ್ಟು ಓಡ್ತಾನೆ," ಎಂದು ಗಂಗಾಭವಾನಿ ನಗುತ್ತಿದ್ದಳು.

"ಓಡಲಿ ಬಿಡು, ಬುಟ್ಟಿ ನಮಗ."

ಗಂಡನಿಗೆ ಹೇಳಿರಲಿಲ್ಲ. ಉಗಾದಿಯ ದಿನ ಅವನ ಮ್ಯಾನೇಜರು ಊಟಕ್ಕೆ ಬಂದಾಗ ತೆಲುಗಿನಲ್ಲೇ ಬಡಿಸಿ ಬೆರಗುಗೊಳಿಸುವ ಆಸೆಯಿತ್ತು.

ಉಗಾದಿಗೆ ಮೊದಲೇ ಚೆಕಪ್ ಬಂತು. ಸ್ಕ್ಯಾನಿಂಗಿಗೆಂದು ಹೊಟ್ಟೆ ತುಂಬ ನೀರು ಕುಡಿದು, ಬಸ್ಸಿನ ಕುಲುಕಾಟಕ್ಕೆ ತುಟಿ ಕಚ್ಚಿಕೊಂಡು ಕೂತಿದ್ದಳು. ಸಂಜೆ ಡಾಕ್ಟರು ಅವಳೆದುರೇ ತೆಲುಗಿನಲ್ಲಿ, ಕ್ಯಾನ್ಸರ್ ಮರಳಿ ಬಂದಿದೆ, ಹೊಟ್ಟೆಯೊಳಗೆಲ್ಲ ಹರಡಿದೆ, ಇನ್ನು ಇಂಜೆಕ್ಷನ್ ಕೊಟ್ಟರೂ ಸ್ವಲ್ಪ ಕಾಲ ಮುಂದೂಡಬಹುದಷ್ಟೇ ಎಂದರು. ಮಾತಿನ ನಡುವೆ ಅವಳತ್ತ ನೋಡಿ ತಡೆದರು.

"ಪರವಾಗಿಲ್ಲ, ಹೇಳಿ. ಆಕೆಗೆ ತೆಲುಗು ಬರುವುದಿಲ್ಲ," ಎಂದ ರಾಮಚಂದ್ರ, ತೆಲುಗಿನಲ್ಲೇ.

ಸುಮಿತ್ರಾ ಸೆರಗಿನ ತುದಿ ನೋಡುತ್ತ ಕೂತಳು.

ಬಸ್ಸಿನಲ್ಲಿ ಕೇಳಿದಳು: "ಏನಂದ್ರು?"

"ಎಲ್ಲಾ ಕ್ಲೀನ್ ಅದ. ಇನ್ನೊಂದಿಷ್ಟು ಇಂಜೆಕ್ಷನ್ ತೊಗೊಂಡ್ರ ಛಲೋ ಅಂದ್ರು."

"ಮತ್ತೇನೂ ಅನ್ನಲಿಲ್ಲೇನು?"

"ಇಲ್ಲ."

ಮನೆ ಬರುವವರೆಗೂ ಅವಳು ಅವನ ಮುಖವನ್ನೇ ನೋಡಿದಳು. ಅವನು ಕಿಟಕಿಯ ಹೊರಗೆ ನೋಡಿದ.

*

"ನಿಮಗ ಗೊತ್ತಿದ್ರ ನನಗ ಯಾಕ ಹೇಳಲಿಲ್ಲ?" ಎಂದ ರಾಮಚಂದ್ರ.

"ಹೇಳಬೇಡ ಅಂದಳು. ತಾನಾಗಿ ಹೇಳ್ತಾರೆ ಅಂತ ಕಾದಳು." ಗಂಗಾಭವಾನಿ ಅರಿಶಿನದ ಬಟ್ಟಲು ಬದಿಗಿಟ್ಟಳು. "ಪ್ರತಿ ಚೆಕಪ್ಪಿನ ದಿವಸ ಸಾಯಂತ್ರ ಬಂದು ನನ್ನ ಹತ್ರ ಕೂತ್ಕೊಳ್ಳೋಳು. 'ಇವತ್ತೂ ಹೇಳಲಿಲ್ಲ, ಅಕ್ಕಾ' ಅನ್ನೋಳು. ಆಮೇಲಾಮೇಲೆ ಅದೂ ಅನ್ನಲಿಲ್ಲ."

ಅನಸೂಯಮ್ಮ ಅಳಿಯನ ಕಡೆ ನೋಡಲಿಲ್ಲ. ಚೌರಿಯನ್ನು ಬಿಚ್ಚಿ ತೆಗೆದು, ಬರಿಯ ಕೂದಲನ್ನೇ ಬಾಚತೊಡಗಿದರು.

*

ಸ್ಮಶಾನದ ಅರ್ಧ ದಾರಿಯಲ್ಲಿ ಚಟ್ಟವನ್ನು ಇಳಿಸಿದರು. ಅದು ಆ ಕಡೆಯ ಪದ್ಧತಿ: ಜೀವ ಇನ್ನೂ ಉಳಿದಿದ್ದರೆ ಓಗೊಡಲೆಂದು, ಹತ್ತಿರದವರು ಸತ್ತವರ ಕಿವಿಯಲ್ಲಿ ಮೂರು ಸಲ ಹೆಸರು ಕರೆಯಬೇಕು.

"ಪಿಲವಂಡಿ," ಕರೆಯಿರಿ ಎಂದ ಗಂಗಾಭವಾನಿಯ ಗಂಡ ದುರ್ಗಾಪ್ರಸಾದ್.

ರಾಮಚಂದ್ರ ಮೊಣಕಾಲೂರಿ ಬಗ್ಗಿದ. "ಸುಮಿತ್ರಾ," ಎಂದ. ಮತ್ತೊಮ್ಮೆ, ಇನ್ನೂ ಮೆಲ್ಲಗೆ, "ಸುಮಿತ್ರಾ."

ಮೂರನೆಯದು ಬರಲಿಲ್ಲ. ಹೊತ್ತವರು ಹೆಗಲ ಟವೆಲ್ ಸರಿಪಡಿಸಿಕೊಂಡು ಬಿಸಿಲಲ್ಲಿ ಕಾದರು. ಅವನು ಮುಖ ಹೊರಳಿಸಿ, ತನ್ನ ಕಿವಿಯನ್ನು ಅವಳ ತುಟಿಯ ಹತ್ತಿರ ಹಿಡಿದ.