ಖಾಲಿ ಮೊಳೆ

ಹೊಗೆಯಣ್ಣ ಎಂದರೆ ಆ ಗಿಡದ ಮಂಡಿಯಲ್ಲಿ ಎಲ್ಲರಿಗೂ ಗೊತ್ತು. ಹಡಗು ಹತ್ತಿ ಪರದೇಶಕ್ಕೆ ಹೋಗುವ ಅಲಂಕಾರದ ಗಿಡಗಳನ್ನು ಕಬ್ಬಿಣದ ಕೋಣೆಯಲ್ಲಿ ಕೂಡಿಹಾಕಿ, ವಿಷಗಾಳಿ ಬಿಟ್ಟು ಹುಳ ಸಾಯಿಸುವುದು ಅವನ ಕೆಲಸ. ಬಾಗಿಲ ಪಕ್ಕದ ಹಲಗೆಯಲ್ಲಿ ಸಾಲು ಮೊಳೆಗಳು, ಒಬ್ಬೊಬ್ಬರ ಚಾಕುವಿಗೆ ಒಂದೊಂದು. ಒಳಗೆ ಹೋಗುವವರು ಚಾಕು ಒಯ್ಯಬೇಕು, ಹೊರಬಂದವರು ನೇತುಹಾಕಬೇಕು, ಎಲ್ಲ ಮೊಳೆ ತುಂಬಿದ ಮೇಲೆಯೇ ಚಿಲಕ. ಅಕಸ್ಮಾತ್ ಒಳಗೆ ಸಿಕ್ಕಿಕೊಂಡರೆ ಮೂರು ಸಲ ಬಡಿ, ತಡಿ, ಮತ್ತೆ ಮೂರು ಸಲ ಬಡಿ ಎಂದು ಅವನೇ ಎಲ್ಲರಿಗೂ ಪಾಠ ಹೇಳಿದ್ದ. ಧಣಿ ಮಾತ್ರ ಆ ಪಾಠಕ್ಕೆ ಬಂದವನಲ್ಲ. ಅವನಿಗೆ ಚಾಕುವೂ ಇರಲಿಲ್ಲ, ಮೊಳೆಯೂ ಇರಲಿಲ್ಲ.

ಧಣಿ ಬೇರೆ ಯಾರೂ ಅಲ್ಲ, ಹೊಗೆಯಣ್ಣನ ತಂಗಿಯ ಗಂಡ. ತಂಗಿ ಎಳೆಯ ಕಾಂಡಗಳನ್ನು ಮೂರೆಳೆ ಜಡೆಯಾಗಿ ಹೆಣೆಯುವವಳು. ಆ ಜಡೆಗಿಡಕ್ಕೆ ಪರದೇಶದವರು ಮುಗಿಬೀಳುತ್ತಿದ್ದರು. ಹಿಂದಿನ ಸರಕಿನಲ್ಲಿ ಒಂದೇ ಒಂದು ಬಸವನಹುಳ ಸಿಕ್ಕಿತೆಂದು ಆಚೆ ಬಂದರಿನವರು ಅಷ್ಟನ್ನೂ ಸುಟ್ಟುಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಧಣಿ ಮನೆಗೆ ಹೋಗಿ ಹೆಂಡತಿಯ ಎಡಗೈ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಜಡಿದ.

ಬೆಳಿಗ್ಗೆ ಅವಳು ಬಟ್ಟೆ ಸುತ್ತಿದ ಕೈಯಲ್ಲೇ ಕೆಲಸಕ್ಕೆ ಬಂದಳು.

“ಬಾಗಿಲಿಗೆ ಸಿಕ್ತು ಕಣಣ್ಣ.”

“ಬಾಗಿಲು ತಾನಾಗೇ ಹಾಕ್ಕೊಳ್ತಾ?”

“ಸುಮ್ನಿರು. ಇನ್ನೊಂದು ಕೈಯಾದ್ರೂ ಉಳೀಲಿ.”



ಮಧ್ಯಾಹ್ನ ಧಣಿ ಹೊಸ ಸರಕು ನೋಡಲು ಕೋಣೆಯೊಳಗೆ ಹೋದ. ಅವನ ದಪ್ಪ ಬೆನ್ನು ಗಿಡಗಳ ನಡುವೆ ಮರೆಯಾದದ್ದೇ ತಡ, ಹೊಗೆಯಣ್ಣ ಬಾಗಿಲು ದಬ್ಬಿ ಚಿಲಕ ಹಾಕಿದ. ಹಲಗೆಯತ್ತ ಕಣ್ಣೂ ಹಾಯಿಸಲಿಲ್ಲ. ಮೊಳೆಯೇ ಇಲ್ಲದವನನ್ನು ಕೊಲ್ಲಲು ಹಲಗೆ ಯಾಕೆ ನೋಡಬೇಕು? ಫ್ಯಾನು ಹಾಕಿ, ವಿಷಗಾಳಿಯ ತಿರುಪು ತಿರುಗಿಸಿದ.

ಫ್ಯಾನಿನ ಸದ್ದಿನಲ್ಲಿ ಕೂಗು ಕೇಳದು. ಕುಂಡಗಳು ಒಡೆದ ಸದ್ದು ಕೇಳಿತು, ಯಾವುದೋ ಮೈ ಬಾಗಿಲಿಗೆ ಅಪ್ಪಳಿಸಿದ ಸದ್ದು ಕೇಳಿತು. ಸುಳ್ಳೇಕೆ, ಅವನಿಗೆ ಹಾಯೆನಿಸಿತು.

“ಒದ್ದಾಡು ಮಗನೇ, ಚೆನ್ನಾಗಿ ಒದ್ದಾಡು” ಎಂದ.

ಆಮೇಲೆ ಬಡಿತ ಬದಲಾಯಿತು. ಮೂರು ಸಲ. ತಡೆ. ಮತ್ತೆ ಮೂರು ಸಲ.

ಅವನು ಹಲಗೆ ನೋಡಿದ. ತಂಗಿಯ ಮೊಳೆ ಖಾಲಿ. ಬಿಚ್ಚಿದ ಜಡೆಗಳನ್ನು ಕಟ್ಟಲು ಅವಳು ಆಗಲೇ ಒಳಗೆ ಹೋಗಿ ಗಿಡಗಳ ಮರೆಯಲ್ಲಿ ಕೂತಿದ್ದಳು. ಊರಿಗೆಲ್ಲ ಪಾಠ ಹೇಳಿದವನು ತನ್ನ ಪಾಠ ತಾನೇ ಮರೆತಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ತಿರುಪು ಮುಚ್ಚಿ ಚಿಲಕ ಎಳೆದ.

ತಂಗಿ ಅವನ ಮೇಲೆಯೇ ಬಿದ್ದಳು. ಕಣ್ಣು ಕೆಂಡದಂತಾಗಿತ್ತು, ನೆತ್ತಿಯಿಂದ ರಕ್ತ ಇಳಿಯುತ್ತಿತ್ತು. ಬಲಗೈಯ ಚಾಕು ಹಿಡಿಯವರೆಗೂ ಒದ್ದೆ.

“ಅಣ್ಣ ತಂಗಿ ಸೇರ್ಕೊಂಡು ನನ್ನ ಸಾಯಿಸ್ತೀರಾ ಅಂತ ತಲೆ ಹಿಡ್ಕೊಂಡು ಗೋಡೆಗೆ ಜಜ್ಜಿದ” ಎಂದಳು ಕೆಮ್ಮುತ್ತ. “ನಂಗೇನೂ ಗೊತ್ತೇ ಇರ್ಲಿಲ್ಲ, ಅಣ್ಣ. ಏನೂ ಗೊತ್ತಿರ್ಲಿಲ್ಲ.”

ಒಳಗೆ ಒಡೆದ ಕುಂಡಗಳ ನಡುವೆ ಧಣಿ ಹೊಟ್ಟೆ ಒತ್ತಿಕೊಂಡು ತೆವಳುತ್ತಿದ್ದ. ಇನ್ನೊಂದು ಮುಷ್ಟಿಯಲ್ಲಿ ಅವಳ ಕೂದಲ ಕಂತೆ ಹಾಗೇ ಇತ್ತು. ಕಣ್ಣೆದುರು ರಕ್ತ ಕಂಡಾಗ ಹೊಗೆಯಣ್ಣನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಧಣಿಯನ್ನು ಹೊರಗೆ ಎಳೆದುಕೊಳ್ಳಲು ಕೈ ಚಾಚಿದ.

ತಂಗಿ ಅಣ್ಣನನ್ನು ಪಕ್ಕಕ್ಕೆ ತಳ್ಳಿ, ಹೆಗಲು ಕೊಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಚಾಕುವನ್ನು ಸೆರಗಿಗೆ ಒರೆಸಿ ತನ್ನ ಮೊಳೆಗೆ ನೇತುಹಾಕಿದಳು.

“ಈಗ ನೋಡು. ಎಲ್ಲಾ ತುಂಬಿದೆ” ಎಂದಳು.

ತಿರುಪು ತಿರುಗಿಸಿದವಳು ಅವಳೇ.

ಒಳಗಿನಿಂದ ಬಡಿತ ಶುರುವಾಯಿತು. ಅದಕ್ಕೆ ಲೆಕ್ಕವಿರಲಿಲ್ಲ, ತಡೆಯಿರಲಿಲ್ಲ. ತಂಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವನ ಒಂದೊಂದು ಏಟೂ ಎಂದಿನಂತೆ ಅವಳ ಬೆನ್ನಿಗೇ ಬೀಳುತ್ತಿತ್ತು. ಇವತ್ತು ನಡುವೆ ಕಬ್ಬಿಣವಿತ್ತು.