ಮೂವರ ಪ್ರಸ್ಥಾನ

ನಾನು ಒಂದು ತಗಡಿನ ಟ್ರಂಕು. ಸೂಟ್‌ಕೇಸ್ ಅಂದೀರಿ ಜೋಕೆ, ನನಗೆ ಸಿಟ್ಟು ಬರುತ್ತದೆ. ಮೈಸೂರಿನ ಒಂದು ಸಣ್ಣ ಅಂಗಡಿಯಲ್ಲಿ ಸುತ್ತಿಗೆ ಏಟು ತಿಂದು ತಿಂದು ನನಗೆ ಆಕಾರ ಬಂತು. ನೀಲಿ ಬಣ್ಣ ಬಳಿದು ಮುಚ್ಚಳದ ಮೇಲೆ ಎರಡು ಗುಲಾಬಿ ಬರೆದರು. ಬರೆದವನು ಗುಲಾಬಿ ಎಂದ, ನೋಡಿದವರು ಎಲೆಕೋಸು ಎಂದರು. ಹೋಗಲಿ ಬಿಡಿ.

ನನ್ನನ್ನು ಕೊಂಡವರು ಡ್ರಾಯಿಂಗ್ ಮೇಷ್ಟ್ರು ಪಟ್ಟಾಭಿರಾಮಯ್ಯ. ಊಟಿಗೆ ಹೋಗಬೇಕೆಂದೇ ಕೊಂಡರು. ಅವರಿಗೂ ಹೆಂಡತಿ ಚಂಪಕಮ್ಮನಿಗೂ ಒಬ್ಬಳೇ ಮಗಳು, ಏಳು ವರ್ಷದ ಪದ್ಮಿನಿ. ಬಂದ ದಿನವೇ ಆ ಹುಡುಗಿ ನನ್ನ ಮೇಲೆ ಹತ್ತಿ ಕೂತು, ಹಿಮ್ಮಡಿಯಿಂದ ನನ್ನ ಹೊಟ್ಟೆಗೆ ಡಬಡಬ ಬಡಿಯುತ್ತ, "ಅಪ್ಪಾ, ಊಟೀಲಿ ಮೋಡ ಕೈಗೇ ಸಿಗತ್ತಂತೆ, ಹೌದಾ?" ಎಂದಳು. ಹೊರಡಲು ಎಂಟು ದಿನವಿರುವಾಗ ಅವಳಿಗೆ ಟೈಫಾಯಿಡ್ ಬಂತು. ಮಗು ಉಳಿಯಲಿಲ್ಲ. ಪ್ರವಾಸಕ್ಕೆಂದು ಹೊಲಿಸಿದ್ದ ಹಸಿರು ಫ್ರಾಕು ಒಂದು ಸಲವೂ ಮೈಗೇರಲಿಲ್ಲ. ನನ್ನನ್ನು ಅಟ್ಟಕ್ಕೆ ಹಾಕಿದರು.

ಒಂದು ವರ್ಷದ ಮೇಲೆ ಮೇಷ್ಟ್ರು ನನ್ನನ್ನು ಕೆಳಗಿಳಿಸಿದರು. ಚಂಪಕಮ್ಮ ಸೊರಗಿ ಕಡ್ಡಿಯಾಗಿದ್ದರು. ಅನ್ನ ಕಲಸಿದವರು ತುತ್ತೆತ್ತದೆ ಹಾಗೇ ಕೂತುಬಿಡುತ್ತಿದ್ದರು. ಹವಾ ಬದಲಾಗದಿದ್ದರೆ ಈಕೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮೇಷ್ಟ್ರು ಊಟಿಯ ಒಂದು ಗೆಸ್ಟ್‌ಹೌಸಿಗೆ ಕಾಗದ ಬರೆದು ರೂಮು ಗೊತ್ತುಮಾಡಿದರು. ಬಣ್ಣದ ಪೆನ್ಸಿಲ್ಲಿನಲ್ಲಿ ಕೆರೆ, ತೋಟ, ದೊಡ್ಡಬೆಟ್ಟ ಎಲ್ಲ ಇರುವ ನಕ್ಷೆ ಬರೆದರು. "ನೋಡು ಚಂಪಾ, ನಾಲ್ಕು ದಿನಕ್ಕೂ ಪ್ಲಾನ್ ಹಾಕಿದೀನಿ" ಎಂದರು. ಆಕೆ ನೋಡಲಿಲ್ಲ.

ರೂಮು ಸಿಕ್ಕಿದ್ದು ಮಂಗಳವಾರದಿಂದ. ಮಂಗಳವಾರ ಮನೆ ಬಿಟ್ಟು ಹೊರಡುವುದುಂಟೇ? ಅದಕ್ಕೆ ನಮ್ಮವರಲ್ಲಿ ಒಂದು ಉಪಾಯವಿದೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಹೊರಡುವವರದೆಲ್ಲ ಒಂದೊಂದು ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದ ಮನೆಗೆ ಸಾಗಿಸಿಬಿಡುವುದು. ಅಲ್ಲಿಗೆ ಅವರು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ವಾರ ಬಸ್ಸು ಹತ್ತಿದರೂ ದೋಷವಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು, "ಹೊರಡೋರದೆಲ್ಲ ಒಂದೊಂದು ಬಟ್ಟೆ ಇಡು" ಎಂದು ಸ್ನಾನಕ್ಕೆ ಹೋದರು. ಚಂಪಕಮ್ಮ ಮೊದಲು ಹಸಿರು ಫ್ರಾಕು ಇಟ್ಟರು. ಅದರ ಮೇಲೆ ತಮ್ಮ ಸೀರೆ, ಅದರ ಮೇಲೆ ಗಂಡನ ಪಂಚೆ.

ನನ್ನನ್ನು ಪಕ್ಕದ ಮನೆಯ ಪುಟ್ಟತಾಯಮ್ಮನವರ ನಡುಮನೆಯಲ್ಲಿಟ್ಟರು. ಮಧ್ಯಾಹ್ನ ಆಕೆ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಾಗ ಯಾರೋ ನನ್ನ ಮೇಲೆ ಹತ್ತಿ ಕೂತರು. ಕಣ್ಣಿಗೆ ಯಾರೂ ಕಾಣಲಿಲ್ಲ, ಆದರೆ ಟ್ರಂಕಿಗೆ ಭಾರ ತಿಳಿಯುತ್ತದೆ. ಆ ಭಾರ ನನಗೆ ಗೊತ್ತಿತ್ತು. ಎರಡು ಹಿಮ್ಮಡಿ ನನ್ನ ಹೊಟ್ಟೆಗೆ ಬಡಿಯತೊಡಗಿದವು.

"ಯಾರೇ ಅದು ಡಬಡಬಾಂತ?" ಎನ್ನುತ್ತ ಬಂದ ಪುಟ್ಟತಾಯಮ್ಮ ಬಾಗಿಲಲ್ಲೇ ನಿಂತರು. ಮೊರ ಕೈಜಾರಿತು. ಬಡಿತ ನಿಲ್ಲಲಿಲ್ಲ. ತಗಡಿಗೇನು ಭಯ ಅಂತೀರಾ? ನನ್ನ ಮೈಯೆಲ್ಲ ಜುಂ ಎಂದಿತು.

ಊಟಿಯಲ್ಲಿ ಗೆಸ್ಟ್‌ಹೌಸಿನ ಕಾವಲುಗಾರ ಮಾದಯ್ಯ ನನ್ನನ್ನು ಇಳಿಸಿಕೊಂಡ. ಗುಂಡ್ಲುಪೇಟೆ ಕಡೆಯವನು.

"ಮೂರು ಹಾಸ್ಗೆ ಹಾಸಿವ್ನಿ ಸಾಮಿ."

"ನಾವಿರೋದು ಇಬ್ಬರೇ ಕಣಯ್ಯ."

ಮಾದಯ್ಯ ನಕ್ಕ. "ತಮಾಸೆ ಮಾಡ್ಬ್ಯಾಡಿ ಸಾಮಿ. ಕೂಸು ಆಗ್ಲೇ ಒಳಕ್ಕೆ ಓಡೋಯ್ತು."

ಆ ದಿನ ಚಂಪಕಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಮಾರನೆಯ ದಿನ ನಕ್ಕರು. ಮೂರನೆಯ ದಿನ ಕಿಟಕಿಯ ಬಳಿ ಕೂತು, ಬರಿಯ ಗಾಳಿಯಲ್ಲಿ ಬೆರಳಾಡಿಸುತ್ತ ಜಡೆ ಹೆಣೆಯುತ್ತಿದ್ದರು. ಅದನ್ನು ಕಂಡ ಮೇಷ್ಟ್ರು ಬಾಗಿಲು ಹಿಡಿದುಕೊಂಡರು.

ಹೊರಡುವ ಬೆಳಿಗ್ಗೆ ಅವರಿಗೆ ನನ್ನ ತಳದಲ್ಲಿ ಫ್ರಾಕು ಸಿಕ್ಕಿತು. ಯಾರು ಯಾರು ಹೊರಟಿದ್ದರೆಂದು ಆಗ ತಿಳಿಯಿತು. ಇದು ಮನೆಗೆ ಬಂದರೆ ಹೆಂಡತಿಗೆ ಹುಚ್ಚೇ ಹಿಡಿದೀತೆಂದು ಹೆದರಿದರು, ಪಾಪ. ಆಕೆ ಬಚ್ಚಲಲ್ಲಿದ್ದಾಗ ಫ್ರಾಕನ್ನು ಗೋಡೆಯ ಅಲಮಾರಿಯೊಳಗೆ ತುರುಕಿ ಚಿಲಕ ಹಾಕಿದರು. ಬೇಡ ಮೇಷ್ಟ್ರೇ, ಬೇಡ ಎಂದು ನಾನು ಬಾಯಿ ಬಡಿದುಕೊಂಡೆ. ಟ್ರಂಕಿನ ಮಾತು ಯಾರು ಕೇಳುತ್ತಾರೆ?

ಮನೆಗೆ ಬಂದು ಚಂಪಕಮ್ಮ ನನ್ನ ಮುಚ್ಚಳ ತೆರೆದರು. ಬಟ್ಟೆಗಳನ್ನು ಒಂದೊಂದಾಗಿ ಎತ್ತಿಟ್ಟರು. ತಳ ಮುಟ್ಟಿ ನೋಡಿದರು.

"ಅವಳನ್ನ ಎಲ್ಲಿ ಬಿಟ್ಟು ಬಂದ್ರಿ?"

ಆಕೆ ಅವತ್ತೇ ಹಾಸಿಗೆ ಹಿಡಿದರು. ಗಂಜಿಯೂ ಇಳಿಯಲಿಲ್ಲ.

ಹನ್ನೆರಡನೆಯ ದಿನ ಊಟಿಯಿಂದ ಒಂದು ಕಾರ್ಡು ಬಂತು. ಮಾದಯ್ಯ ಯಾರ ಕೈಲೋ ಬರೆಸಿದ್ದ. "ಸ್ವಾಮಿಯವರಿಗೆ ನಮಸ್ಕಾರ. ನೀವು ಕೂಸನ್ನು ಮರೆತು ಹೋಗಿದ್ದೀರಿ. ಅಲಮಾರಿಯೊಳಗಿಂದ ಬಡಿಯುತ್ತಿತ್ತು, ಚಿಲಕ ತೆಗೆದೆ. ಚಳಿಗೆ ನಡುಗುತ್ತಿದೆ. ನಾನು ಕೊಟ್ಟರೆ ಉಣ್ಣುವುದಿಲ್ಲ. ಬೇಗ ಬನ್ನಿ."

ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಆಮೇಲೆ ನನ್ನ ಪಕ್ಕದಲ್ಲೇ ಕುಸಿದು, "ಅಯ್ಯೋ, ಹೆತ್ತ ಮಗೂನ ಕೂಡಿಹಾಕಿ ಬಂದ್ನಲ್ಲೇ ಚಂಪಾ!" ಎಂದು ತಲೆ ಚಚ್ಚಿಕೊಂಡು ಅತ್ತರು. ಅಂಗಡಿಗೆ ಹೋಗಿ ಒಂದು ಕೆಂಪು ಸ್ವೆಟರ್ ತಂದರು. ಎಂಟು ವರ್ಷದ ಮಗುವಿನ ಅಳತೆ. ಒಂದು ವರ್ಷ ಕಳೆದಿತ್ತಲ್ಲ. ಅವತ್ತು ಮಂಗಳವಾರ. ಪ್ರಸ್ಥಾನವೂ ಇಲ್ಲ, ಏನೂ ಇಲ್ಲ, ನನ್ನನ್ನೆತ್ತಿಕೊಂಡು ಸಿಕ್ಕಿದ ಬಸ್ಸು ಹತ್ತಿದರು.

ಈಗ ನನಗೆ ವಯಸ್ಸಾಗಿದೆ. ಕೀಲು ಸವೆದಿದೆ, ತಳಕ್ಕೆ ತುಕ್ಕು ಹಿಡಿದಿದೆ, ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದೇನೆ. ಎಷ್ಟೋ ಊರು ತಿರುಗಿದೆ, ಎಷ್ಟೋ ಭಾರ ಹೊತ್ತೆ, ಎಲ್ಲ ಮರೆತುಹೋಗಿದೆ. ಊಟಿಯಿಂದ ಮರಳಿ ಬಂದ ಆ ಸಂಜೆ ಮಾತ್ರ ಮರೆತಿಲ್ಲ. ಮೈಸೂರಿನ ಬಸ್ ನಿಲ್ದಾಣದಲ್ಲಿ ಕೂಲಿಯವನು ಕೈ ಚಾಚಿದರೂ ಮೇಷ್ಟ್ರು ಕೊಡದೆ ನನ್ನನ್ನು ಎಡಗೈಯಲ್ಲೇ ಹಿಡಿದು ನಡೆದರು. ಬಲಗೈ ಖಾಲಿ. ಅದನ್ನು ತುಸು ಕೆಳಕ್ಕೆ ಚಾಚಿ, ಬೆರಳು ಮಡಚಿ, ದಾಪುಗಾಲು ಹಾಕುವ ಆ ಮನುಷ್ಯ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದರು. ನಮ್ಮ ಬೀದಿ ತಿರುಗಿದಾಗ ಆ ಕೈ ಮುಂದಕ್ಕೆ ಜಗ್ಗಿತು.

"ಓಡಬೇಡ ಪುಟ್ಟಾ," ಎಂದರು ಮೇಷ್ಟ್ರು, "ಅಮ್ಮ ಎಲ್ಲೂ ಹೋಗಲ್ಲ ಇನ್ನು."